ತೊಳೆದ ಗಾಡಿಯ ಬೇರಿಂಗು

ಸ್ನೋಮೊಬೈಲಿನ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆತ್ತಿ, ಅಡಿಯ ರಬ್ಬರ್ ಪಟ್ಟಿಯನ್ನು ಕೈಯಿಂದ ತಿರುಗಿಸುವಾಗ ಉಸಿರು ಬಿಗಿಹಿಡಿಯುತ್ತೇನೆ. ಹಿಮದ ಮೇಲೆ ಓಡುವ ಆ ಪಟ್ಟಿಯನ್ನು ಎಳೆಯುವ ಶಾಫ್ಟು ಎರಡೂ ತುದಿಯಲ್ಲಿ ಬೇರಿಂಗುಗಳ ಮೇಲೆ ಕೂತಿರುತ್ತದೆ. ಅವು ಚೆನ್ನಾಗಿದ್ದರೆ ಸದ್ದೇ ಇಲ್ಲ. ಗ್ರೀಸಿಲ್ಲದೆ ಒಣಗಿದ್ದರೆ ಹುರಿಗಡಲೆ ಅಗಿದಂತೆ ಕೇಳಿಸುತ್ತದೆ.

ಮೊದಲು ಆ ಸದ್ದು ಕೇಳಿದ್ದು ಜಪಾನಿನಲ್ಲಿ ದೊಡ್ಡ ಭೂಕಂಪವಾದ ನಂತರದ ಚಳಿಗಾಲದಲ್ಲಿ. ನಾನು ಕ್ಯೋಟೋದಲ್ಲಿ ಹಿಮದ ಪದರಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಅದೇ ಲ್ಯಾಬಿನಲ್ಲಿ ಮೈಸೂರಿನವನೊಬ್ಬ ಪಿಎಚ್‌ಡಿಗೆ ಬಂದಿದ್ದ, ನನ್ನನ್ನು ಅಕ್ಕ ಎನ್ನುತ್ತಿದ್ದ. ಇಬ್ಬರೂ ಉತ್ತರದ ಬೆಟ್ಟವೊಂದರಲ್ಲಿ ಹಿಮ ತೋಡಿ ಅಳತೆ ತೆಗೆಯುತ್ತಿದ್ದೆವು. ಗಾಡಿ ನಾವಿಳಿದಿದ್ದ ವಸತಿಗೃಹದ ಯಜಮಾನರದು. ಎರವಲು ಪಡೆದದ್ದನ್ನು ಪಡೆದಾಗಿನದಕ್ಕಿಂತ ಚೊಕ್ಕಟವಾಗಿ ಒಪ್ಪಿಸುವುದು ಅಲ್ಲಿಯ ರೀತಿ. ಪ್ರತಿ ಸಂಜೆ ಅವರೂ ನಾವೂ ಸೇರಿ, ರಭಸದ ಬಿಸಿನೀರಿನ ಪೈಪು ಹಿಡಿದು ಗಾಡಿಯ ಹೊಟ್ಟೆಯವರೆಗೂ ತೊಳೆಯುತ್ತಿದ್ದೆವು. ಯಜಮಾನರು ಬಗ್ಗಿ ನೋಡಿ ತಲೆದೂಗುತ್ತಿದ್ದರು. ನಮಗೆ ಹಿಗ್ಗು. ಆ ನೀರು ಬೇರಿಂಗಿನ ರಬ್ಬರ್ ಸೀಲು ದಾಟಿ ಒಳಗಿನ ಗ್ರೀಸನ್ನೂ ತೊಳೆಯುತ್ತಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಆ ದಿನ ಬೆಟ್ಟ ಇಳಿಯುವಾಗ ಅವನು ಓಡಿಸುತ್ತಿದ್ದ, ನಾನು ಹಿಂದೆ ಕೂತಿದ್ದೆ.

"ಅಕ್ಕ, ಕೇಳಿಸ್ತಾ? ನಮ್ಮನೆ ಗ್ರೈಂಡರ್ ಹಿಂಗೇ ಕೂಗೋದು."

"ಅಕ್ಕಿ ಹಾಕಿಲ್ಲ ತಾನೇ ಇದಕ್ಕೆ? ಸ್ವಲ್ಪ ಸ್ಲೋ ಮಾಡೋ."

"ಇಲ್ಲಿ ಸ್ಲೋ ಮಾಡ್ಬೇಡ ಅಂದಿದ್ದು ನೀವೇ."

ನಿಜ. ನಾವಿದ್ದದ್ದು ಕಡಿದಾದ ಇಳಿಜಾರಿನ ಬುಡದಲ್ಲಿ. ನೆಲ ಇನ್ನೂ ಆಗಾಗ ನಡುಗುತ್ತಿತ್ತು. ಮೇಲಿನ ಹಿಮ ಸಡಿಲವಾಗಿದೆಯೆಂದು ನಮ್ಮದೇ ಅಳತೆಗಳು ಹೇಳಿದ್ದವು. ಸುಟ್ಟ ವಾಸನೆ ಬಂತು. ಬೇರಿಂಗು ಕಚ್ಚಿಕೊಂಡಿತು, ಪಟ್ಟಿ ತಿರುಗುವುದು ನಿಂತಿತು, ಗಾಡಿ ಗಕ್ಕನೆ ನಿಂತುಬಿಟ್ಟಿತು.

"ಇಳಿ, ನಡಿ" ಎಂದೆ. ಅವನು ಒಂದು ಕಾಲು ಕೆಳಗಿಟ್ಟಿದ್ದ. ಆಗ ನೆಲ ನಡುಗಿತು. ಮನೆಯಲ್ಲಾಗಿದ್ದರೆ ಕಪಾಟಿನ ತಟ್ಟೆಗಳು ಸದ್ದು ಮಾಡುತ್ತಿದ್ದವು, ಅಷ್ಟೇ. ಹಿಮದ ದಪ್ಪ ಹಲಗೆಯೊಂದು ಮೇಲಿನಿಂದ ಜಾರಿಬಂದು ಗಾಡಿಯನ್ನು ಅವನ ಮೇಲೆ ಮಗುಚಿತು. ನನ್ನನ್ನು ಆಚೆ ಎಸೆಯಿತು. ರೇಡಿಯೋದಲ್ಲಿ ಕೂಗಿ ಹೇಳಿ, ಸಲಿಕೆ ಹಿಡಿದು ತೋಡಿದೆ. ಮೊದಲು ಮುಖ ಸಿಕ್ಕಿತು, ಆಮೇಲೆ ಎದೆ. ಬಲಗಾಲು ಗಾಡಿಯ ಅಡಿಯಲ್ಲಿತ್ತು. ಅವನು ಕಿರುಚಲಿಲ್ಲ. "ಅಕ್ಕ, ಮೇಲೆ ನೋಡ್ಕೊಳಿ, ಇನ್ನೂ ಬರತ್ತೆ" ಎಂದು ಅದನ್ನೇ ಹೇಳುತ್ತಿದ್ದ. ನಾನು ತೋಡುತ್ತ ಮೇಲೆ ನೋಡುತ್ತಿದ್ದೆ. ಈಗಲೂ ಕ್ಯೋಟೋದ ಬಸ್ಸು ಗಕ್ಕನೆ ಬ್ರೇಕು ಹಾಕಿದರೆ ನನ್ನ ತಲೆ ತಾನಾಗಿ ಮೇಲಕ್ಕೇಳುತ್ತದೆ.

ಜನ ಬಂದು ಅವನನ್ನು ಹೊತ್ತೊಯ್ದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಯಜಮಾನರು ಸೊಂಟ ಬಗ್ಗಿಸಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ನಾನೂ ಬಗ್ಗಿದೆ. ಹೇಳಲು ನನಗೂ ಅದೊಂದೇ ಮಾತಿತ್ತು.

ಈಗ ಗಾಡಿಗೆ ನೀರು ಹಾಕುವುದಿಲ್ಲ. ಹಿಮವನ್ನು ಬ್ರಷ್ಷಿನಿಂದ ಉದುರಿಸಿ, ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಗ್ರೀಸ್ ಗನ್ ಒತ್ತುತ್ತೇನೆ. ಜಿಡ್ಡು ಹಾಗೇ ಮೆತ್ತಿಕೊಂಡಿರುತ್ತದೆ. ಯಜಮಾನರು ಒರೆಸಲು ಬಟ್ಟೆ ಹಿಡಿದು ಬರುತ್ತಾರೆ, ನೋಡುತ್ತಾರೆ, ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಪ್ರತಿ ಚಳಿಗಾಲ, ನಾನು ಬೆಟ್ಟ ಹತ್ತುವ ಮೊದಲು, ಮೈಸೂರಿನಿಂದ ಅವನ ಫೋನು ಬರುತ್ತದೆ.

"ಗ್ರೀಸ್ ಹೊಡೆದ್ರಾ ಅಕ್ಕ?"

"ಹೊಡೆದೆ ಕಣೋ."

"ಎಲ್ಲಿ, ಕೇಳಿಸಿ."

ಫೋನನ್ನು ಬೇರಿಂಗಿನ ಪಕ್ಕ ಹಿಡಿದು ಪಟ್ಟಿ ತಿರುಗಿಸುತ್ತೇನೆ. ಏನೂ ಕೇಳಿಸುವುದಿಲ್ಲ.

"ಇನ್ನೊಂದ್ಸಲ" ಎನ್ನುತ್ತಾನೆ.