ಗೋವಿಂದಣ್ಣನ ಬೋರ್ಡು

ಗೋವಿಂದಣ್ಣನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಬಾಚಣಿಗೆ ಇರುತ್ತಿತ್ತು. ಅವರಿಗಲ್ಲ, ಅವರ ತಲೆ ಪೂರ್ತಿ ಬೋಳು. ದೊಡ್ಡಬಳ್ಳಾಪುರದ ಅವರ ಸ್ಟುಡಿಯೋಗೆ ಯಾರೇ ಬಂದರೂ ಮೊದಲು ಬಾಚಣಿಗೆ ಕೊಟ್ಟು, ಆಮೇಲೆ ಎರಡು ಬೆರಳೆತ್ತಿ, "ಗದ್ದ ಸ್ವಲ್ಪ ಕೆಳಗೆ" ಎನ್ನುತ್ತಿದ್ದರು.

ಒಳಗೆ ಕೈಯಿಂದ ಬಿಡಿಸಿದ ಜಲಪಾತದ ಪರದೆ. ಜನ ರೇಟು ಕೇಳುವ ನೆಪದಲ್ಲಿ ಬಂದು, ಅದರ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗಿಬಿಡುತ್ತಿದ್ದರು. ಅದಕ್ಕೇ ಬಾಗಿಲ ಮೇಲೆ ದಪ್ಪ ಅಕ್ಷರದ ಬೋರ್ಡು: ಇಲ್ಲಿ ಫೋಟೋ ತೆಗೆಯಬಾರದು.

"ಫೋಟೋ ಸ್ಟುಡಿಯೋದಲ್ಲೇನಣ್ಣ?" ಎಂದು ನಕ್ಕಿದ್ದೆ.

"ಜಾಗ ನಂದು ಕಣಮ್ಮ. ರೂಲ್ಸೂ ನಂದೇ."

ನಮ್ಮತ್ತೆಗೆ ಒಂದೇ ಆಸೆಯಿತ್ತು. ಕೈ ನಡುಗಲು ಶುರುವಾಗಿ ಮಗ್ಗ ಬಿಡುವ ಮುಂಚೆ ತಾವೇ ನೇಯ್ದಿದ್ದ ಕೊನೆಯ ಸೀರೆ ಉಟ್ಟು, ದೇವನಹಳ್ಳಿ ರಸ್ತೆಯ ಹೊಸ ತೋಟದ ಕಾರಂಜಿ ಮುಂದೆ ಒಂದು ಫೋಟೋ. ಗೋವಿಂದಣ್ಣನನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ತೋಟ ಖಾಸಗಿಯವರದು, ಆದರೆ ಗೇಟು ಎಲ್ಲರಿಗೂ ತೆರೆದಿತ್ತು. ಗೋವಿಂದಣ್ಣ ಕ್ಯಾಮೆರಾ ತೆಗೆದದ್ದೇ ತಡ, ಕಾವಲುಗಾರ ಓಡಿ ಬಂದ.

"ಮೊಬೈಲಾದ್ರೆ ತೆಕ್ಕೊಳ್ಳಿ ಸಾರ್. ಕ್ಯಾಮೆರಾ ಆಗಲ್ಲ."

"ಏನಪ್ಪಾ, ಗೇಟ್ ತೆಗ್ದು ಊರೋರನ್ನೆಲ್ಲ ಕರ್ದಿದ್ದೀರ. ನಾನೊಂದು ಫೋಟೋ ತೆಗೆದ್ರೆ ನಿಮ್ ಕಾರಂಜಿ ಸವೆದ್ಹೋಗುತ್ತಾ?"

"ಜಾಗ ಓನರ್‌ದು ಸಾರ್. ರೂಲ್ಸೂ ಅವ್ರುದ್ದೇ."

ಗೋವಿಂದಣ್ಣ ಜೇಬಿಗೆ ಕೈ ಹಾಕಿದರು. ಬಾಚಣಿಗೆ ತೆಗೆದು ಬೋಳುತಲೆಯ ಮೇಲೆ ಒಮ್ಮೆ ಆಡಿಸಿದರು.

"ಮೊಬೈಲಲ್ಲಿ ನಾನೇ ತೆಗೀಲಾ?" ಎಂದೆ.

"ದೊಡ್ಡಮ್ಮ ನೇಯ್ದಿರೋ ಆ ಅಂಚು ಮೊಬೈಲಿಗೆ ಸಿಗುತ್ತೇನಮ್ಮ?"

ಅತ್ತೆಯ ಮುಖ ಸಣ್ಣಗಾಗಿತ್ತು. ಗೋವಿಂದಣ್ಣ ಗೇಟಿನಾಚೆ ಹೋದರು. ಎಳನೀರಿನವನ ಸ್ಟೂಲು ಕೇಳಿ ಪಡೆದು, ರಸ್ತೆಬದಿಯಲ್ಲಿ ಹಾಕಿ ಹತ್ತಿದರು. ಕಾಂಪೌಂಡಿಗೆ ಮೈ ತಾಗದಂತೆ ನಿಂತು ಉದ್ದನೆಯ ಲೆನ್ಸು ಎತ್ತಿದರು.

"ರಸ್ತೆ ಎಲ್ರುದ್ದೂ ಕಣಪ್ಪಾ! ದೊಡ್ಡಮ್ಮಾ, ಗದ್ದ ಸ್ವಲ್ಪ ಕೆಳಗೆ!"

ಅತ್ತೆಯ ಜೊತೆ ಕಾವಲುಗಾರನೂ ಗದ್ದ ಇಳಿಸಿದ. ಫೋಟೋದಲ್ಲಿ ಒಂದಂಚಿಗೆ ಅವನೂ ಇದ್ದಾನೆ, ಬಹಳ ಚೆನ್ನಾಗಿ ಬಂದಿದ್ದಾನೆ.

ಕಟ್ಟು ಹಾಕಿಸಿದ ಫೋಟೋ ತರಲು ಹೋದಾಗ, "ನಿಮ್ದೂ ಒಂದು ತೆಗೀಲಾ ಅಣ್ಣ?" ಎಂದು ಮೊಬೈಲ್ ಎತ್ತಿದೆ. ಅವರು ಬೋರ್ಡಿನತ್ತ ನೋಡಿದರು.

"ರೂಲ್ಸ್ ಅಂದ್ರೆ ರೂಲ್ಸು. ರಸ್ತೆಗೆ ಹೋಗಿ ತೆಗಿಯಮ್ಮ."

ರಸ್ತೆಗಿಳಿದು, ಬಾಗಿಲಲ್ಲಿ ನಿಂತ ಅವರ ಫೋಟೋ ತೆಗೆದೆ. ಅದೇ ಕೊನೆಯ ಭೇಟಿ.

ಅವರು ತೀರಿಹೋದ ಮೇಲೆ ಹೆಂಡತಿ ಶಾರದಮ್ಮ ಮನೆಗೆ ಬಂದರು. "ಊರೋರದ್ದೆಲ್ಲ ತೆಗೆದ್ರಮ್ಮ, ತಮ್ದು ಅಂತ ಒಂದಿಲ್ಲ ನೋಡು." ನನ್ನ ಮೊಬೈಲಿನದನ್ನೇ ದೊಡ್ಡದು ಮಾಡಿಸಿದೆವು.

ಹಾರ ಹಾಕಿದ ಆ ಕಟ್ಟಿನಲ್ಲಿ ಗೋವಿಂದಣ್ಣ ಎರಡು ಬೆರಳೆತ್ತಿ ನಿಂತಿದ್ದಾರೆ. ಅವರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ, ಇಲ್ಲಿ ಫೋಟೋ ತೆಗೆಯಬಾರದು. ಕೈಮುಗಿಯಲು ಬಂದವರೆಲ್ಲ ಗದ್ದ ಸ್ವಲ್ಪ ಇಳಿಸಿಯೇ ಕೈಮುಗಿಯುತ್ತಾರೆ.