ಅಕ್ಕನಿಗೊಂದು ಚರ್ಮದ ಮಿಷಿನ್ನು

ದೀಪಾವಳಿ ಕಳೆದ ವಾರ, ಬುಧವಾರ ಬೆಳಿಗ್ಗೆ ಏಳೂವರೆಗೆ ನಾನೂ ಅಕ್ಕನೂ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಕೊಟ್ಟೂರಿನ ಬಸ್ಸಿಗೆ ಕಾಯುತ್ತಿದ್ದೆವು. ನನ್ನ ಚೀಲದಲ್ಲಿ ಒಂದು ನೋಟ್‌ಬುಕ್ಕು, ಅದರಲ್ಲಿ ಹೊಲಿಗೆ ಮಿಷಿನ್ ಮಾರುವವರಿಗೆ ಕೇಳಬೇಕಾದ ಇಪ್ಪತ್ತೆರಡು ಪ್ರಶ್ನೆಗಳು, ಕರೆಂಟು ಪರೀಕ್ಷಿಸುವ ಟೆಸ್ಟರು, ನಾಲ್ಕು ಜ್ವರದ ಗುಳಿಗೆ, ಅಕ್ಕನ ಆಧಾರ್ ಕಾರ್ಡಿನ ಮೂರು ಪ್ರತಿ. ಪ್ರತಿ ತೆಗೆಯುವುದು ನನ್ನ ಚಟವೂ ಹೌದು, ಹೊಟ್ಟೆಪಾಡೂ ಹೌದು. ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಅಕ್ಕನ ಚೀಲದಲ್ಲಿ ಚರ್ಮದ ತುಂಡುಗಳು, ಒಂದು ಬ್ಲೇಡು, ರೊಟ್ಟಿ ಮತ್ತು ಶೇಂಗಾ ಚಟ್ನಿ ಇದ್ದವು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಈಗ ಐವತ್ತೆಂಟು. ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಪಟ್ಟಿ, ಸೊಂಟದ ಬೆಲ್ಟು, ಚೀಲ, ಇವನ್ನೆಲ್ಲ ಹೊಲಿಯುವುದನ್ನು ಅಪ್ಪನಿಂದ ಕಲಿತಳು. ಅಪ್ಪ ಮೊದಲು ನನಗೇ ಕಲಿಸಲು ನೋಡಿದ್ದ. ಒಂದೇ ವಾರದಲ್ಲಿ ನಾನು ಚರ್ಮಕ್ಕಿಂತ ಹೆಚ್ಚು ನನ್ನ ಬೆರಳುಗಳನ್ನೇ ಚುಚ್ಚಿಕೊಂಡಿದ್ದರಿಂದ ದಬ್ಬಣ ಅಕ್ಕನ ಕೈಗೆ ಹೋಯಿತು. ದಬ್ಬಣದಿಂದ ತೂತು ಹಾಕಿ, ಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಅವೆರಡನ್ನೂ ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟಿಸಿ ಎಳೆಯುವುದು ಆಕೆಯ ಹೊಲಿಗೆ. ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಕಡೆಯ ದಾರ ಹಿಡಿದು ನಿಲ್ಲುತ್ತದೆ.

ಈ ಮಳೆಗಾಲದಲ್ಲಿ ಆಕೆಯ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ನಾಲ್ಕು ಹೊಲಿಗೆ ಎಳೆದರೆ ಕೈ ಹಿಡಿದುಕೊಂಡು ಕೂರುತ್ತಿದ್ದಳು. ದಾರ ಎಳೆಯುವುದನ್ನು ನಿಲ್ಲಿಸದಿದ್ದರೆ ಬೆರಳು ಮಡಚಲೂ ಆಗದು ಎಂದರು ಡಾಕ್ಟರು. ಅಂದಿನಿಂದ ಯಾರೇ ಬಂದರೂ "ಆಗಂಗಿಲ್ಲರಿ, ಬ್ಯಾರೆ ಕಡಿ ನೋಡ್ಕೊಳ್ರಿ" ಎಂದು ಬಾಗಿಲಲ್ಲೇ ಸಾಗಹಾಕತೊಡಗಿದಳು. ಮಿಷಿನ್ ತರೋಣ ಎಂದವನು ನಾನು. ಆಕೆ ಒಂದು ಕರಾರು ಹಾಕಿದಳು.

"ಒಂದು ಸುತ್ತು ತಿರುಗಿ ನೋಡಾಣ. ನನ್ನ ಹೊಲಿಗಿಯಂಥದ್ದು ಹಾಕೋ ಮಿಷಿನ್ ಸಿಕ್ಕರ ಸೈ. ಇಲ್ಲಂದ್ರ ಸಾಮಾನೆಲ್ಲಾ ಗೋಣಿಚೀಲಕ್ಕ ತುಂಬಿ, ನಿನ್ನ ಅಂಗಡ್ಯಾಗ ಬಂದು ಕುಂದರ್ತೀನಿ."

ಅಂಗಡಿಯಲ್ಲಿ ಆಕೆ ಒಮ್ಮೆ ಅರ್ಧ ದಿನ ಕೂತಿದ್ದಳು. ಜೆರಾಕ್ಸ್ ಮಿಷಿನ್ನಿನ ಬೆಳಕು ಹೋಗಿ ಬರುವುದನ್ನೇ ನೋಡುತ್ತಾ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು. ಆ ಕೈಗಳು ಸುಮ್ಮನಿದ್ದುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಇನ್ನೊಮ್ಮೆ ಕಾಣುವ ಧೈರ್ಯ ನನಗಿರಲಿಲ್ಲ.

ಬಸ್ಸು ಬಂತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ನಾನು ಮೂರು ಪ್ರತಿಗಳಲ್ಲಿ ಒಂದನ್ನು ಮುಂದೆ ಹಿಡಿದೆ. ಕಂಡಕ್ಟರ್ ಅದನ್ನು ನೋಡದೆಯೇ ಸೊನ್ನೆ ಟಿಕೆಟ್ ಹರಿದುಕೊಟ್ಟ. ಅಕ್ಕ ಅದನ್ನು ನನ್ನ ಮೂಗಿನ ಹತ್ತಿರ ಆಡಿಸಿದಳು.

"ನೋಡಲೇ ತಮ್ಮಾ, ನಿನಗ ರೊಕ್ಕ, ನನಗ ಸುಮ್ಮನ. ಎಲ್ಲಾ ಅಂಗಡ್ಯಾಗೂ ಹಿಂಗ ಇದ್ದಿದ್ದರ ನಾನ ಮಿಷಿನ್ ಕೊಡಸ್ತಿದ್ದೆ ನಿನಗ."

ಇದೇ ಸುತ್ತನ್ನು ಗೆಜ್ಜೆಪಟ್ಟಿ ಮಾರಲು ಹೊರಡುವ ಅಪ್ಪನ ಜೊತೆ ನಾವು ಎಷ್ಟು ಸಲ ಹಾಕಿದ್ದೆವೋ ಲೆಕ್ಕವಿಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಆಮೇಲೆ ಮನೆ. ಪಟ್ಟಿಗಳನ್ನು ಅಪ್ಪ ಹೆಗಲ ಮೇಲೆ ಮಾಲೆಯಂತೆ ಇಳಿಬಿಟ್ಟುಕೊಂಡು ಬಸ್ಸು ಹತ್ತಿದರೆ, ರಸ್ತೆಯ ಒಂದೊಂದು ಗುಂಡಿಗೂ ನೂರಾರು ಗೆಜ್ಜೆ ಘಲ್ ಎನ್ನುತ್ತಿದ್ದವು. ಮಲಗಿದ್ದ ಪ್ರಯಾಣಿಕರು ಎದ್ದು ಎತ್ತು ಎಲ್ಲಿ ಎಂದು ಕಿಟಕಿಯಾಚೆ ನೋಡುತ್ತಿದ್ದರು. ನಾಚಿಕೆಯಿಂದ ನಾನು ಬೇರೆ ಸೀಟಿನಲ್ಲಿ, ಬೇರೆ ಯಾರದೋ ಮಗನಂತೆ ಕೂರುತ್ತಿದ್ದೆ. ಈಗ ಅದೇ ರಸ್ತೆಯಲ್ಲಿ ಡ್ರೈವರನ ಮೊಬೈಲಿನ ಹಾಡೊಂದೇ ಕೇಳುತ್ತಿತ್ತು. ಆ ಗೆಜ್ಜೆಯ ಪಕ್ಕ ಒಂದು ಸಲವಾದರೂ ನೆಟ್ಟಗೆ ಕೂತಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಕೊಟ್ಟೂರು ಇಪ್ಪತ್ತು ಚಿಲ್ಲರೆ ಕಿಲೋಮೀಟರು; ಒಂದು ಗಂಟೆ ಹಿಡಿಯಿತು. ಮೊದಲು ಮಂಡಕ್ಕಿ, ಮಿರ್ಚಿ. ಕೊಟ್ಟೂರಿಗೆ ಬಂದು ಮಿರ್ಚಿ ತಿನ್ನದೆ ಕೆಲಸಕ್ಕೆ ಹೊರಟರೆ ಅಪ್ಪ ಅದನ್ನು ಅಪಶಕುನವೆಂದೇ ಎಣಿಸುತ್ತಿದ್ದ. ಬೆಳಗಿನ ಒಂಬತ್ತಕ್ಕೆ ಮಿರ್ಚಿ ತಿಂದರೆ ನನ್ನ ಎದೆ ಉರಿಯುತ್ತದೆಂದು ಗೊತ್ತಿದ್ದೂ ಮೂರು ತಿಂದೆ.

ಅಲ್ಲಿ ಶಾಲೆಯ ಚೀಲ ಹೊಲಿಯುವ ಒಬ್ಬರು ತಮ್ಮ ಹಳೆಯ ಮಿಷಿನ್ ಮಾರುವವರಿದ್ದರು. ಅಕ್ಕ ಮೂರು ಪದರದ ಚರ್ಮದ ತುಂಡು ಇಟ್ಟು ಪೆಡಲಿನ ಮೇಲೆ ಕಾಲಿಟ್ಟಳಷ್ಟೆ. ಮೋಟಾರು ಹುಲಿಯ ಹಾಗೆ ಗುರ್ ಎಂದು ಎಗರಿತು. ಟಣ್ ಎಂದು ಸೂಜಿ ಮುರಿದು ಎಲ್ಲೋ ಹಾರಿತು. ನಾನು ಮೇಜಿನ ಕೆಳಗಿದ್ದೆ. ಹೇಗೆ ಹೋದೆನೆಂದು ನೆನಪಿಲ್ಲ.

"ನಿಮ್ಮ ಯಜಮಾನರು ಎಲ್ಲಿ ಹೋದ್ರು?" ಎಂದರು ಚೀಲದವರು.

"ಯಜಮಾನ ಅಲ್ರಿ, ತಮ್ಮ. ಹುಟ್ಟಿದಾಗಿಂದ ಹಿಂಗ ಅದಾನ" ಎಂದಳು ಅಕ್ಕ. ಆ ಮಿಷಿನ್ನು ಬಟ್ಟೆಗೆ, ರೆಕ್ಸಿನ್ನಿಗೆ ಸರಿ, ದಪ್ಪ ಚರ್ಮಕ್ಕಲ್ಲ ಎಂದು ಅವರೇ ಒಪ್ಪಿಕೊಂಡು ಚಹಾ ಕುಡಿಸಿ ಕಳಿಸಿದರು.

ಹಗರಿಬೊಮ್ಮನಹಳ್ಳಿಗೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಇಲ್ಲಿ ನೋಡಿದ್ದು ಹೊಸ ಮಿಷಿನ್ನುಗಳ ಅಂಗಡಿ; ಗಾಜಿನ ಬಾಗಿಲು, ಒಳಗೆ ತಂಪು. ಚರ್ಮಕ್ಕೆಂದೇ ಮಾಡಿದ ಭಾರಿ ಮಿಷಿನ್ನೊಂದನ್ನು ಅಂಗಡಿಯವನು ತೋರಿಸಿದ. ಬೆಲೆ ಅರವತ್ತು ಸಾವಿರದ ಮೇಲೆ. ಆದರೂ ಹೊಲಿಗೆ ಬೀಳುವುದನ್ನು ನೋಡಿ ನನಗೆ ಆಸೆಯಾಯಿತು. ಸೂಜಿ ಮೂರು ಪದರದೊಳಗೆ ಸದ್ದಿಲ್ಲದೆ ಇಳಿದು ಏಳುತ್ತಿತ್ತು. ನಾನು ನೋಟ್‌ಬುಕ್ಕು ತೆಗೆದು ಏಳನೆಯ ಪ್ರಶ್ನೆಯವರೆಗೆ ಬಂದಿದ್ದೆ. ಅಷ್ಟರಲ್ಲಿ ಅಕ್ಕ ಆ ತುಂಡನ್ನು ಕೈಗೆತ್ತಿಕೊಂಡು, ಚೀಲದಿಂದ ಬ್ಲೇಡು ತೆಗೆದು, ಹೊಲಿಗೆಯ ನಟ್ಟನಡುವೆ ಒಂದು ದಾರ ಕತ್ತರಿಸಿ ಎಳೆದಳು. ಸರಸರನೆ ಆರೇಳು ಹೊಲಿಗೆ ಬಿಚ್ಚಿಕೊಂಡವು.

"ನೋಡಿದ್ಯಾ?" ಎಂದಳು ನನ್ನ ಕಡೆ ತಿರುಗಿ. "ಒಂದು ಹೋದರ ಮನಿಮಂದಿಯೆಲ್ಲಾ ಹೊಂಟ್ರು."

ಅಂಗಡಿಯವನ ಮುಖ ಕೆಂಪಾಯಿತು. "ಅಕ್ಕಾರ, ನೀವು ಹೊಲಿಯಾಕ ಬಂದೀರೋ, ಬಿಚ್ಚಾಕ ಬಂದೀರೋ?"

"ಎತ್ತು ಹೊಲದಾಗ ತಲಿ ಕೊಡವಿದರ ಪಟ್ಟಿ ಬಿಚ್ಚಿಬಿದ್ದು ಗೆಜ್ಜಿ ಮಣ್ಣುಪಾಲಾಗ್ತಾವಲ್ರಿ, ಆವಾಗ ಯಾರ್ನ ಬೈತಾರ? ನಿಮ್ಮ ಮಿಷಿನ್ನಾ? ನನ್ನಾ?"

ಯಾವ ಮಿಷಿನ್ನಿನ ಹೊಲಿಗೆಯಾದರೂ ಅಷ್ಟೇ, ಮೇಲೊಂದು ಕೆಳಗೊಂದು ದಾರ, ಕತ್ತರಿಸಿ ಎಳೆದರೆ ಬಿಚ್ಚುತ್ತದೆ ಎಂದು ಅವನು ಹೇಳಿದ. ಅದು ನಿಜ, ಮನೆಯಲ್ಲಿ ಕೂತು ನಾನು ನೋಡಿದ ಇಪ್ಪತ್ತು ವಿಡಿಯೋಗಳಲ್ಲೂ ಅದನ್ನೇ ಹೇಳಿದ್ದರು. ಅಕ್ಕನಿಗೆ ಹೇಳುವ ಧೈರ್ಯ ಮಾತ್ರ ನನಗೆ ಬಂದಿರಲಿಲ್ಲ. ಆಕೆ ಕೇಳುತ್ತಿದ್ದ ಮಿಷಿನ್ನು ಈ ಸುತ್ತಿನ ಯಾವ ಊರಲ್ಲೂ ಇರಲಿಲ್ಲ. ಅದು ಗೊತ್ತಿದ್ದೇ ನಾನು ಬಸ್ಸು ಹತ್ತಿದ್ದೆ, ಹೇಗೋ ಏನೋ ಆಗುತ್ತದೆ ಎಂದು. ಬದುಕಿನಲ್ಲಿ ಎಲ್ಲದಕ್ಕೂ ಚಿಂತೆ ಮಾಡಿ ಮುಖ್ಯವಾದದ್ದನ್ನು ಹೇಗೋ ಏನೋ ಎಂದು ಬಿಡುವುದು ನನ್ನ ಪದ್ಧತಿ.

ಹಡಗಲಿಯ ಬಸ್ಸಿನಲ್ಲಿ ಅಕ್ಕ ರೊಟ್ಟಿಯನ್ನೂ ಬಿಚ್ಚಲಿಲ್ಲ. ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಒಂದೇ ಒಂದು ಸಲ ಕೇಳಿದಳು, "ನಿನ್ನ ಅಂಗಡ್ಯಾಗ ಫ್ಯಾನ್ ಐತಿ, ಹೌದಿಲ್ಲೋ?"

ಐತಿ ಎಂದೆ. ಕಿಟಕಿಯ ಕಡೆ ತಿರುಗಿದೆ.

ಹಡಗಲಿಯಲ್ಲಿ ನಮ್ಮ ಸೋದರತ್ತೆ ಗೌರತ್ತೆಯ ಮನೆ. ಅಪ್ಪನ ಕಾಲದಲ್ಲೂ ತಿರುಗಾಟದ ರಾತ್ರಿ ಅಲ್ಲೇ ಉಳಿಯುತ್ತಿದ್ದೆವು. ನಾವು ಮುಟ್ಟಿದಾಗ ಸಂಜೆ ಐದು; ಅತ್ತೆ ಕಟ್ಟೆಯ ಮೇಲೆ ಮಲ್ಲಿಗೆ ಕಟ್ಟುತ್ತಿದ್ದಳು. ಎಂಬತ್ತರ ಹತ್ತಿರದವಳು, ಕಿವಿ ಮಂದ, ಬಾಯಿ ಚುರುಕು.

"ಏನಲೇ, ಕೂದಲೆಲ್ಲಾ ಹೋಗ್ಯಾವು?"

"ಚಿಂತಿ ಅತ್ತಿ."

"ಚಿಂತಿ ಮಾಡಿದ್ದಕ್ಕ ಹೋದವು, ಈಗ ಹೋದವು ಅಂತ ಚಿಂತಿ. ಒಳಗ ಬರ್ರಿ."

ಒಳಗೆ ಹಾಸಿಗೆಯ ಪಕ್ಕ ಒಂದು ತಗಡಿನ ಟ್ರಂಕು. ಅದರ ಕೊಂಡಿ ಮುರಿದುಹೋಗಿ, ಅತ್ತೆ ಅದನ್ನು ಒಂದು ಅಗಲವಾದ ಚರ್ಮದ ಪಟ್ಟಿಯಿಂದ ಬಿಗಿದಿದ್ದಳು. ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಅದು ಅಪ್ಪ ಹೊಲಿದ ಗೆಜ್ಜೆಪಟ್ಟಿ. ಗೆಜ್ಜೆ ಎಂದೋ ಉದುರಿದ್ದವು. ಪಟ್ಟಿ ಮಾತ್ರ ಎಣ್ಣೆಗಪ್ಪಾಗಿ ಉಳಿದಿತ್ತು. ಎತ್ತು ಮಾರಿದ ಮೇಲೆ ಇದನ್ನು ಯಾಕೆ ಬಿಸಾಡಬೇಕೆಂದು ಟ್ರಂಕಿಗೆ ಕಟ್ಟಿದೆ, ಮೂವತ್ತು ವರ್ಷವಾಗಿರಬೇಕು ಎಂದಳು ಅತ್ತೆ.

ಅಕ್ಕ ಪಟ್ಟಿ ಬಿಚ್ಚಿಕೊಂಡು ಕಟ್ಟೆಯ ಬೆಳಕಿಗೆ ತಂದಳು. ಕಣ್ಣಿಗೆ ಹತ್ತಿರ ಹಿಡಿದು, ಉಗುರಿನಿಂದ ಒಂದೊಂದೇ ಹೊಲಿಗೆ ಮುಟ್ಟುತ್ತಾ ಹೋದಳು. ಅಳುತ್ತಾಳೇನೋ ಎಂದು ನಾನು ಕರವಸ್ತ್ರ ಹುಡುಕುತ್ತಿದ್ದೆ. ಆಕೆ ನಗತೊಡಗಿದಳು.

"ಲೇ, ಬಾ ಇಲ್ಲಿ. ನೋಡು ನಿಮ್ಮಪ್ಪನ ಕಳ್ಳಾಟ."

ಬಕ್ಕಲ್ಲಿನ ಹತ್ತಿರ, ಎರಡೂ ತುದಿಗೆ ಒಂದೊಂದು ಗೇಣಿನಷ್ಟು ಹೊಲಿಗೆ ಅಕ್ಕಿಕಾಳಿನಂತೆ ಒತ್ತೊತ್ತಾಗಿ ಬಿದ್ದಿತ್ತು. ನಡುವಿನ ಉದ್ದಕ್ಕೆ ಬಂದರೆ ಒಂದೊಂದು ಹೊಲಿಗೆ ಬೆರಳಿನಗಲ. ಅದೂ ಎರಡು ಸೂಜಿಯ ಹೊಲಿಗೆಯಲ್ಲ. ಒಂದೇ ಸೂಜಿಯಲ್ಲಿ ಓಡಿಸಿಬಿಟ್ಟ ಕಚ್ಚಾ ಹೊಲಿಗೆ.

"ನನಗ ಮಾತ್ರ ಒಂದು ಹೊಲಿಗಿ ದೂರ ಬಿದ್ದರ ಬಿಚ್ಚಿಸಿ ಮತ್ತ ಹಾಕಿಸ್ತಿದ್ದ. ತಾನು ಸಂತಿಗೆ ಹೊತ್ತಾತಂತ ನಡುವ ಓಡಿಸ್ಯಾನ! ಮುದುಕ!"

"ಆದರೂ ಮೂವತ್ತು ವರ್ಷ ನಿಂತೈತಲ್ಲ" ಎಂದೆ.

ಅಕ್ಕ ನಗು ನಿಲ್ಲಿಸಿದಳು. ಪಟ್ಟಿಯ ಎರಡು ತುದಿ ಹಿಡಿದು ಜಗ್ಗಿದಳು, ಎತ್ತು ತಲೆ ಕೊಡವಿದ ಹಾಗೆ. ಭಾರವೆಲ್ಲ ಬಿದ್ದದ್ದು ಬಕ್ಕಲ್ಲಿನ ಹತ್ತಿರ. ನಡುವು ಸುಮ್ಮನೆ ಬಗ್ಗಿ ಎದ್ದಿತು. ಇನ್ನೊಮ್ಮೆ ಜಗ್ಗಿದಳು. ಆಮೇಲೆ ಪಟ್ಟಿಯನ್ನು ಟ್ರಂಕಿಗೆ ಮೊದಲಿದ್ದಂತೆಯೇ ಬಿಗಿದು, ಬೆಳಿಗ್ಗೆ ಕಟ್ಟಿದ ರೊಟ್ಟಿ ಬಿಚ್ಚಿ ಎರಡನ್ನು ಒಟ್ಟಿಗೇ ತಿಂದಳು.

ಗುರುವಾರ ಬೆಳಿಗ್ಗೆ ಹರಪನಹಳ್ಳಿಯ ದಾರಿ. ಮೆಕ್ಕೆಜೋಳದ ಸುಗ್ಗಿ, ಊರು ಹತ್ತಿರವಾದಂತೆ ಅರ್ಧ ರಸ್ತೆಗೆ ಕಾಳು ಹರವಿದ್ದರು. ಬಸ್ಸು ಅದರ ಪಕ್ಕ ನಾಜೂಕಾಗಿ, ಹೊಸ ಚಪ್ಪಲಿ ಹಾಕಿದವನು ಕೆಸರು ದಾಟುವಂತೆ ಹೋಯಿತು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಖಾಸಿಂ ಸಾಬರ ಸೀಟು ಹೊಲಿಯುವ ಅಂಗಡಿ. ಟ್ರ್ಯಾಕ್ಟರು, ಲಾರಿಗಳ ಸೀಟು ಹೊಲಿದೇ ಮುದುಕರಾದವರು. ಈಗ ಸೀಟ್ ಕವರುಗಳೆಲ್ಲ ಸಿದ್ಧವಾಗೇ ಬರುವುದರಿಂದ ಎರಡು ಮಿಷಿನ್ನುಗಳಲ್ಲಿ ದೊಡ್ಡದಕ್ಕೆ ಕೆಲಸವಿಲ್ಲ, ಹದಿನೆಂಟು ಸಾವಿರಕ್ಕೆ ಕೊಡುತ್ತೇನೆ ಎಂದರು. ಅದರ ಸೂಜಿಯ ಕೆಳಗೆ ಅಗಲ ಹಲಗೆ ಇರಲಿಲ್ಲ. ಗೂಟದಂಥ ಒಂದು ತೋಳು ಮುಂದೆ ಚಾಚಿತ್ತು. ಪಟ್ಟಿಯನ್ನಾಗಲಿ ಚೀಲವನ್ನಾಗಲಿ ಅದರ ಸುತ್ತ ತಿರುಗಿಸಿ ಹೊಲಿಯಬಹುದು. ಚರ್ಮವನ್ನು ಒತ್ತಿ ಹಿಡಿಯುವ ಕಾಲು ಸೂಜಿಯ ಜೊತೆಗೇ ಹೆಜ್ಜೆಯಿಡುವುದರಿಂದ ಪದರಗಳು ಜಾರುವುದಿಲ್ಲ.

"ಪೆಡಲ್ ಮೆತ್ತಗೆ ಒತ್ತಮ್ಮ, ಹೆದರಬ್ಯಾಡ" ಎಂದರು ಸಾಬರು. "ಹಳೇ ಮೋಟ್ರು ಬಿಚ್ಚಿ ನಿಧಾನದ್ದು ಹಾಕೀನಿ. ಎಷ್ಟು ಒತ್ತಿದ್ರೆ ಅಷ್ಟೇ ಹೋಗ್ತತೆ."

ಅಕ್ಕ ಒತ್ತಿದಳು. ಒಂದು ಹೊಲಿಗೆ ಬಿತ್ತು. ನಿಲ್ಲಿಸಿದಳು. ಇನ್ನೊಂದು ಒತ್ತಿದಳು. ಬಲಗೈ ಅಂಗೈಯನ್ನು ಚಕ್ರದ ಮೇಲಿಟ್ಟು ತಾನೇ ತಿರುಗಿಸಿ ನೋಡಿದಳು. ಹೆಬ್ಬೆರಳಿಗೆ ಅಲ್ಲಿ ಕೆಲಸವೇ ಇರಲಿಲ್ಲ. ನಾನು ಮೇಜಿಗೆ ಒಂದು ಮಾರು ದೂರ ನಿಂತು ನೋಟ್‌ಬುಕ್ಕು ತೆರೆದೆ.

"ಗ್ಯಾರಂಟಿ ಎಷ್ಟು ವರ್ಷ ಸಾಬ್ರೆ?"

"ನಂದೇ ಗ್ಯಾರಂಟಿ ಇಲ್ಲ, ಇದರದ್ದೇನು ಹೇಳ್ಲಿ? ಮುಂದಿನ್ದು ಕೇಳು."

ಉಳಿದ ಇಪ್ಪತ್ತೊಂದು ಪ್ರಶ್ನೆ ನನಗೆ ಮರೆತುಹೋದವು. ಅಕ್ಕ ಬ್ಲೇಡು ತೆಗೆದಳು. ನಡುವೆ ಒಂದು ದಾರ ಕತ್ತರಿಸಿ ಎಳೆದಳು. ಮೂರು ಹೊಲಿಗೆ ಬಿಚ್ಚಿತು, ನಾಲ್ಕನೆಯದು ಚರ್ಮ ಕಚ್ಚಿಕೊಂಡು ನಿಂತಿತು. ಸಾಬರಿಗೆ ಬೇಜಾರಾಗಲಿಲ್ಲ.

"ಬಿಚ್ಕೊಂತತೆ ತಾಯಿ. ಸುಳ್ಳು ಹೇಳಿದ್ರೆ ನಾಳೆ ನೀನೇ ಬಂದು ಬೈತೀಯ. ಕೈಹೊಲಿಗೆ ಇದಕ್ಕೆ ಬರಲ್ಲ."

"ಬರೋದು ಬ್ಯಾಡರಿ" ಎಂದಳು ಅಕ್ಕ. "ಇದು ನಡುವ ಓಡಲಿ. ತುದಿ ಎರಡು ನಾನು ಹಾಕ್ತೀನಿ. ಒಂದೊಂದು ಗೇಣು. ಅಷ್ಟು ಈ ಕೈ ಎಳೀತೈತಿ."

ಸಾಬರು ಆಕೆಯ ಹೆಬ್ಬೆರಳನ್ನು ಆಗ ನೋಡಿದರು. ಒಳಗೆ ಹೋಗಿ ದಪ್ಪ ಸೂಜಿಗಳ ಎರಡು ಪೊಟ್ಟಣ ತಂದು, ಇವಕ್ಕೆ ದುಡ್ಡು ಬೇಡ ಎಂದು ಆಕೆಯ ಕೈಯಲ್ಲಿಟ್ಟರು.

ಮಧ್ಯಾಹ್ನ ಕೂಡ್ಲಿಗಿಯ ಲಗೇಜ್ ಆಟೋ ಒಂದು ಖಾಲಿ ಮರಳುತ್ತಿತ್ತು. ಡ್ರೈವರು ಹನ್ನೆರಡು ನೂರಕ್ಕೆ ಒಪ್ಪಿದ. ಮಿಷಿನ್ನಿನ ತಲೆ ಬಿಚ್ಚಿ ಹಳೆಯ ಕೌದಿಯಲ್ಲಿ ಸುತ್ತಿ, ಮೇಜನ್ನು ಹಗ್ಗದಿಂದ ಕಟ್ಟಿದೆವು. ಅಕ್ಕ ಮುಂದೆ ಕೂರಲು ಒಪ್ಪಲಿಲ್ಲ, ಹಿಂದೆ ಅದರ ಪಕ್ಕವೇ ಕೂತಳು. ಪೊಲೀಸರು ಹಿಡಿದರೆ, ಹಗ್ಗ ಹರಿದರೆ, ಮಳೆ ಬಂದರೆ, ಎಂದು ನಾನು ಒಂದೊಂದು ಹಳ್ಳಿಗೂ ಹಿಂದಿನ ಕಿಂಡಿಯಿಂದ ಇಣುಕಿದೆ. ಆಕೆ ಕೌದಿಯ ಮೇಲೆ ಕೈಯಿಟ್ಟುಕೊಂಡು, ಗಾಳಿಗೆ ಸೆರಗು ಕಚ್ಚಿಕೊಂಡು ಕೂತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ಡ್ರೈವರನ ಬೆನ್ನಿನ ಕಡೆಗೆ ಏನನ್ನೋ ದಿಟ್ಟಿಸುತ್ತಿದ್ದಳು.

ಕೊಟ್ಟೂರು ದಾಟಿದ ಮೇಲೆ ತಗಡು ಬಡಿದಳು. ಡ್ರೈವರು ಗಾಬರಿಯಾಗಿ ನಿಲ್ಲಿಸಿದ.

"ಏನಾತವ್ವ?"

"ನಿನ್ನ ಸೀಟು ಹರದು ಸ್ಪಂಜು ಹೊರಗ ಬಂದೈತಲ್ಲೋ. ಬೆನ್ನಿಗೆ ಚುಚ್ಚಂಗಿಲ್ಲೇನು?"

"ಚುಚ್ತೈತಿ. ಯಾರ ಹತ್ರ ಕೊಡ್ಲಿ? ಹೊಸಾದು ತಗೋ ಅಂತಾರ ಎಲ್ಲಾರೂ."

"ನಾಳಿ ಹತ್ತು ಗಂಟಿಗೆ ತಗೊಂಬಾ. ಕುಂತು ಒಂದು ಚಾ ಕುಡಿಯೋದ್ರಾಗ ಮಾಡಿಕೊಡ್ತೀನಿ."

ಮಳೆಗಾಲ ಶುರುವಾದಾಗಿನಿಂದ ಆಕೆ ಯಾರಿಗೂ ಬಾ ಎಂದಿರಲಿಲ್ಲ. ಡ್ರೈವರು ಆಗಲಿ ಎಂದು ಗಾಡಿ ಬಿಟ್ಟ. ಕೂಡ್ಲಿಗಿ ಇನ್ನೂ ಅರ್ಧ ಗಂಟೆಯ ದಾರಿ. ನಾಳೆ ಹತ್ತಕ್ಕೆ ಕರೆಂಟು ಇರುತ್ತದೋ ಇಲ್ಲವೋ ಎಂದು ನಾನು ಆಗಿನಿಂದಲೇ ಚಿಂತೆ ಶುರುಮಾಡಿದೆ.