ಏಕಾದಶಿಯ ದಿನ ತೆಗೆದ ರಕ್ತ

ಆರೋಗ್ಯವಂತರ ರಕ್ತ ಸಿಗುವುದು ಎಷ್ಟು ಕಷ್ಟವೆಂದು, ರೋಗಿಗಳ ರಕ್ತದ ನಡುವೆಯೇ ದಿನ ಕಳೆಯುವ ನಮ್ಮಂಥವರಿಗೆ ಮಾತ್ರ ಗೊತ್ತು. ನವಿ ಮುಂಬೈಯ ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ನನ್ನದು ಸಂಶೋಧನೆಯ ಕೆಲಸ. ಇಲ್ಲಿನ ಜನರ ರಕ್ತದಲ್ಲಿ ಪ್ರೋಟೀನು, ಕ್ಯಾಲ್ಸಿಯಂ ಮೊದಲಾದವು ಎಷ್ಟಿದ್ದರೆ ಸರಿ, ಎಷ್ಟಾದರೆ ಹೆಚ್ಚು ಎಂದು ಗೆರೆ ಹಾಕುವುದು ನಮ್ಮ ಅಧ್ಯಯನ. ಅದಕ್ಕೆ ಯಾವ ಕಾಯಿಲೆಯೂ ಇಲ್ಲದವರು ಬೇಕು, ಅದೂ ಬರಿಹೊಟ್ಟೆಯಲ್ಲಿ. ಕಾಯಿಲೆ ಇಲ್ಲದವರು ಆಸ್ಪತ್ರೆಗೆ ಯಾಕೆ ಬರುತ್ತಾರೆ? ಸಾನಪಾಡಾದ ನಮ್ಮ ವಸತಿ ಸೊಸೈಟಿಯಲ್ಲಿ ಕೇಳಿ ನೋಡಿದೆ. ಬೆಳಗಿನ ವಾಕಿಂಗ್‌ನಲ್ಲಿ ಎದೆಯುಬ್ಬಿಸಿ ನಡೆಯುವ ಗಂಡಸರೆಲ್ಲ ಸೂಜಿಯ ಮಾತೆತ್ತಿದ ಕೂಡಲೇ ಲೋಕಲ್ ಟ್ರೇನು ತಪ್ಪಿಹೋಗುವವರ ಹಾಗೆ ಗೇಟಿನ ಕಡೆ ಧಾವಿಸಿದರು.

ಕೊನೆಗೆ ನೆನಪಾದದ್ದು ಅಕ್ಕನ ಮನೆ. ಠಾಣೆ ನಗರದ ಕೋಪರಿಯಲ್ಲಿ ಭಾವನದ್ದು ಸಸ್ಯಾಹಾರಿ ಹೋಟೆಲು, ಮನೆ ಅದರ ಮೇಲಿನ ಮಹಡಿಯಲ್ಲಿ. ಹೋಟೆಲಿನವರ ಬರಿಹೊಟ್ಟೆಯನ್ನು ನಂಬುವ ಹಾಗಿಲ್ಲ. ಚಟ್ನಿಯ ಉಪ್ಪು ನೋಡಲು ನಾಲಿಗೆಗೆ ಹಚ್ಚಿಕೊಂಡದ್ದು ಅವರ ಪ್ರಕಾರ ತಿಂದದ್ದಲ್ಲ. ಏಕಾದಶಿಯ ದಿನ ಮಾತ್ರ ಕಣ್ಣುಮುಚ್ಚಿ ನಂಬಬಹುದು. ಉಡುಪಿಯಿಂದ ಬಂದ ಆ ಮನೆಯಲ್ಲಿ ಅಂದು ಅನ್ನವಿಲ್ಲ, ಹಣ್ಣಿಲ್ಲ, ತೊಟ್ಟು ನೀರೂ ಇಲ್ಲ. ಗಿರಾಕಿಗಳಿಗೆ ಬಿಸಿ ಇಡ್ಲಿ ಕೊಟ್ಟು, ತಾವು ಒಣಗಿದ ತುಟಿಯಲ್ಲೇ ನಗುತ್ತಾರೆ. ನೀರಿಲ್ಲದೆ ರಕ್ತ ತುಸು ಮಂದವಾಗುತ್ತದೆ, ಆದರೂ ಅಷ್ಟನ್ನು ಸಂಭಾಳಿಸಬಹುದು ಎಂದು ಲ್ಯಾಬಿನ ಮೇಡಂ ಒಪ್ಪಿದರು.

ಕಡು ಬೇಸಿಗೆಯ ಏಕಾದಶಿ. ಬೆಳಗಿನ ಗಿರಾಕಿಗಳ ಗಲಾಟೆ ಮುಗಿದ ಮೇಲೆ ಮನೆಯವರು ಒಬ್ಬೊಬ್ಬರಾಗಿ ಮೇಲೆ ಬಂದರು. ಅಕ್ಕನ ಅತ್ತೆ ದೂರ ಕುಳಿತು, ಉಪವಾಸದವರ ರಕ್ತ ಹೀರುವ ನಿನ್ನದು ಎಂಥ ವಿದ್ಯೆಯೇ ಎಂದು ಮೂಗು ಮುರಿದರು. ಅಕ್ಕ ನಗುತ್ತ ಎಲ್ಲರಿಗಿಂತ ಮೊದಲು ತೋಳು ಚಾಚಿದಳು. ಯಾವ ಕಾಯಿಲೆಯೂ ಇಲ್ಲವಲ್ಲ ಎಂದು ನಿಯಮದ ಪ್ರಕಾರ ಕೇಳಿದೆ. ಸೊಂಟನೋವು ಬಿಟ್ಟರೆ ಏನೂ ಇಲ್ಲ, ದಿನವಿಡೀ ನಿಂತರೆ ಯಾರಿಗೆ ನೋಯುವುದಿಲ್ಲ ಎಂದಳು. ನೀರು ಮುಟ್ಟಿಲ್ಲ ತಾನೆ ಎಂದು ಕೇಳಿದ್ದಕ್ಕೆ ಅತ್ತೆಯ ಕಡೆ ನೋಡಿ, ಇಲ್ಲವೆಂದು ತಲೆಯಾಡಿಸಿದಳು.

ಲ್ಯಾಬಿನಲ್ಲಿ ಯಂತ್ರ ಎಲ್ಲರ ಟ್ಯೂಬುಗಳನ್ನೂ ಸಲೀಸಾಗಿ ಮುಗಿಸಿ ಒಂದರ ಬಳಿ ನಿಂತುಬಿಟ್ಟಿತು. ಅದರ ಮೊನೆ ದ್ರವವನ್ನು ಎಳೆದುಕೊಳ್ಳಲಾರದೆ ಹೋಗಿತ್ತು. ಟ್ಯೂಬನ್ನು ಕೈಗೆತ್ತಿಕೊಂಡು ವಾಲಿಸಿದೆ. ರಕ್ತದ ಮೇಲೆ ನಿಂತ ಹಳದಿ ದ್ರವ ಬೆಲ್ಲದ ಪಾಕದ ಹಾಗೆ ನಿಧಾನಕ್ಕೆ ಜರುಗಿತು. ಟ್ಯೂಬಿನ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ನಂಬರು ಹಾಕಿದವಳು ನಾನೇ. ಅದು ಅಕ್ಕನದು.

ನೀರು ಬೆರೆಸಿ ತೆಳುಮಾಡಿ ಮತ್ತೆ ಓಡಿಸಿದೆ. ಪ್ರೋಟೀನು ಹೆದರಿಕೆ ಹುಟ್ಟಿಸುವಷ್ಟು ಏರಿತ್ತು, ಕ್ಯಾಲ್ಸಿಯಂ ಕೂಡ ಗೆರೆ ದಾಟಿತ್ತು. ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರು ಹೀಗೆಯೇ ಮಾಡುತ್ತದೆ. ರಕ್ತಕ್ಕೆ ಬೇಡದ ಪ್ರೋಟೀನು ಸುರಿಯುತ್ತದೆ, ಎಲುಬನ್ನು ಒಳಗೊಳಗೇ ಕರಗಿಸುತ್ತದೆ. ಎಷ್ಟೋ ಜನರಿಗೆ ಅದು ಮೊದಲು ಕಾಣಿಸುವುದು ಬರೀ ಸೊಂಟನೋವಾಗಿ.

ಮೇಡಂಗೆ ತೋರಿಸಿದೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ. "ನಿರ್ಜಲಾ ಉಪವಾಸ್ ಥಾ ನಾ? ಊಪರ್ ಸೇ ಕಿಚನ್ ಕೀ ಗರ್ಮಿ. ಪಾನೀ ಪಿಲಾಕೆ ರಿಪೀಟ್ ಕರೋ," ಎಂದರು. ನೀರಿಲ್ಲದ ಉಪವಾಸ, ಮೇಲೆ ಅಡುಗೆಮನೆಯ ಸೆಕೆ, ನೀರು ಕುಡಿಸಿ ಮತ್ತೊಮ್ಮೆ ತೆಗೆ ಎಂಬ ಆ ಮಾತನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ. ಅದೇ ಅಡುಗೆಮನೆಯಲ್ಲಿ ಬೆವರಿದ, ಅದೇ ಉಪವಾಸ ಮಾಡಿದ ಭಾವನ ರಕ್ತ ಕೊಂಚವೂ ಹೀಗಿರಲಿಲ್ಲ ಎಂಬುದು ಕಣ್ಣೆದುರೇ ಇತ್ತು. ಆದರೆ ಒಬ್ಬೊಬ್ಬರ ಮೈ ಒಂದೊಂದು ಥರ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರದೋ ರಕ್ತವಾಗಿದ್ದರೆ ಹಾಗೆನ್ನುವ ಲ್ಯಾಬಿನ ಹುಡುಗಿಯರಿಗೆ ನಾನು ಬೈಯುತ್ತಿದ್ದೆ.

ಮುಂದಿನ ರಜೆಯ ದಿನ ಠಾಣೆಯ ಲೋಕಲ್ ಹತ್ತಿದೆ. ಚೀಲದಲ್ಲಿ ಹೊಸ ಸೂಜಿ, ಖಾಲಿ ಟ್ಯೂಬು. ಐರೋಲಿ ದಾಟುವ ತನಕ ಕಿಟಕಿಯಾಚೆ ಏನಿತ್ತೆಂದು ಗೊತ್ತಿಲ್ಲ. ನೀರು, ನೀರು, ಬರೀ ನೀರಿನ ದೋಷ ಎಂದೇ ಮನಸ್ಸು ಗೊಣಗುತ್ತಿತ್ತು. ದೇವರನ್ನು ಹೆಚ್ಚು ನೆನೆಯದ ನಾನು ಅಂದು ಏಕಾದಶಿಯೊಂದನ್ನೇ ನಂಬಿ ಕುಳಿತಿದ್ದೆ.

ಅತ್ತೆ ದೇವರ ಕೋಣೆಯಲ್ಲಿದ್ದರು. ಅಕ್ಕನನ್ನು ಅಡುಗೆಮನೆಯಲ್ಲಿ ಕೂರಿಸಿ, ಗಾಬರಿ ತೋರಗೊಡದೆ, ಅವತ್ತು ನೀನು ನೀರಿಲ್ಲದೆ ಇದ್ದೆಯಲ್ಲ, ಅದಕ್ಕೇ ರಿಪೋರ್ಟು ಏರುಪೇರಾಗಿದೆ, ಇನ್ನೊಮ್ಮೆ ತೆಗೆಯಬೇಕು ಎಂದೆ. ಅವಳ ಮುಖ ಕೆಂಪಾಯಿತು. ಎದ್ದು ಹೋಗಿ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದಳು.

"ನಿನ್ನತ್ರ ಒಂದು ಹೇಳ್ತೇನೆ. ಅತ್ತೆಗೆ ಗೊತ್ತಾಗ್ಬಾರ್ದು ಆಯ್ತಾ? ಆ ದಿವಸ ನಾನು ನೀರು ಕುಡ್ದಿದ್ದೆ ಮಾರಾಯ್ತಿ."

ಒಂದು ಗುಟುಕೋ ಎಂದು ಕೇಳಿದೆ. ಗುಟುಕೇ ಇರಲಿ ಎಂದು ಬೇಡಿಕೊಳ್ಳುವ ಧ್ವನಿ ನನಗೇ ಕೇಳಿಸಿತು.

"ಎಂಥ ಗುಟುಕು. ಬಚ್ಚಲಲ್ಲಿ ನಲ್ಲಿಗೆ ಬಾಯಿಟ್ಟು ಕುಡ್ದೆ. ಕೆಳಗೆ ಹೋಟ್ಲಲ್ಲೂ ಕುಡ್ದೆ. ತಡೀಲಿಕ್ಕೇ ಆಗುದಿಲ್ಲ. ಎಷ್ಟು ಕುಡಿದ್ರೂ ಗಂಟಲು ಒಣಗ್ತದೆ, ಈಗ ಸುಮಾರು ದಿನದಿಂದ. ಮದುವೆಯಾದ ಮೇಲೆ ಇದೇ ಮೊದಲ ಸಲ ಹೀಗೆ ಮಾಡಿದ್ದು, ದೇವರಾಣೆ."

ಅವಳ ರಕ್ತದಲ್ಲಿ ನೀರಿಗೆ ಕೊರತೆಯೇ ಇರಲಿಲ್ಲ. ಅದು ನೀರು ತುಂಬಿಯೂ ಅಷ್ಟು ಮಂದವಾಗಿತ್ತು. ಹಿಂಗದ ಆ ಬಾಯಾರಿಕೆಯ ಕಾರಣವೂ ನನಗೆ ಗೊತ್ತಿತ್ತು. ಕ್ಯಾಲ್ಸಿಯಂ ಏರಿದವರಿಗೆ ಹಾಗಾಗುತ್ತದೆ. ಅಳು ಒತ್ತರಿಸಿ ಬಂತು, ಅವಳ ಎದುರು ಅಳಬಾರದೆಂದು ತುಟಿ ಕಚ್ಚಿದೆ. ಅಕ್ಕ ಅದನ್ನು ನೋಡಿ, ನೀನೇ ಇಷ್ಟು ಬೇಜಾರು ಮಾಡಿಕೊಂಡರೆ ಅತ್ತೆ ಏನೆಂದಾರು, ಮುಂದಿನ ಏಕಾದಶಿಗೆ ಸರಿಯಾಗಿ ಮಾಡುತ್ತೇನೆ ಬಿಡು ಎಂದು ನನಗೇ ಸಮಾಧಾನ ಹೇಳಿದಳು. ಗುಟ್ಟು ಬಿಚ್ಚಿಟ್ಟು ಅವಳಿಗೆ ಹಗುರವಾಗಿತ್ತು. ಬಳೆ ಮೇಲೆ ಸರಿಸಿ, ತಗೋ ಎಂದು ತೋಳು ಮುಂದಿಟ್ಟಳು.

ನಾನು ಸೂಜಿ ತೆಗೆಯಲಿಲ್ಲ. ಇಲ್ಲಿ ಬೇಡ, ನಾಳೆ ಬೆಳಗ್ಗೆ ಆಸ್ಪತ್ರೆಗೇ ಬಾ, ಭಾವನನ್ನೂ ಕರೆದುಕೊಂಡು ಬಾ ಎಂದೆ. ಹೋಟೆಲು ತೆರೆದಿರುವಾಗ ಭಾವ ಗಲ್ಲಾಪೆಟ್ಟಿಗೆ ಬಿಟ್ಟು ಎಲ್ಲಿಗೂ ಹೋದವರಲ್ಲ, ಅದು ಇಬ್ಬರಿಗೂ ಗೊತ್ತು. ಅಕ್ಕನ ನಗು ಅಲ್ಲಿಗೇ ನಿಂತಿತು.

"ಅವ್ರು ಎಂತಕ್ಕೆ?" ಎಂದು ಕೇಳಿದಳು. ಚಾಚಿದ ತೋಳನ್ನು ಅವಳು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.